ಹ್ರಸ್ವವನ್ನು ಕಾದ ನಮ್ಮ ಮಾಸ್ಟ್ರು

ಈ ವರ್ಷದ ಶುಭ ಶುಕ್ರವಾರದಂದು ಯೇಸು ಶಿಲುಬೆಯ ಮೇಲೆ ನುಡಿದ ಏಳು ವಾಕ್ಯಗಳ ಧ್ಯಾನಕ್ಕಾಗಿ ಮಂಗಳೂರಿನ ನಮ್ಮ ದೇವಾಲಯದಲ್ಲಿ ಗಾಯನವೃಂದದವರು ಎದ್ದು ನಿಂತಾಗ, ನಲ್ವತ್ತು ವರ್ಷ ನಮ್ಮ ಎದುರಿಗೆ ನಿಲ್ಲುತ್ತಿದ್ದ ಮಾಸ್ಟ್ರು ಅಲ್ಲಿರಲಿಲ್ಲ. ಬೂದಿ ಬುಧವಾರಕ್ಕೂ ಮೊದಲೇ ಕರ್ತನು ಅವರನ್ನು ತನ್ನ ಬಳಿಗೆ ಕರೆದುಕೊಂಡಿದ್ದನು.

ಅವರ ಅಂಗಿಯ ಜೇಬಿನಲ್ಲಿ ಸದಾ ಒಂದು ಶ್ರುತಿಕವೆ (ಟ್ಯೂನಿಂಗ್ ಫೋರ್ಕ್) ಇರುತ್ತಿತ್ತು. ಅದನ್ನು ಮೊಣಕಾಲಿಗೆ ತಟ್ಟಿ, ಕಿವಿಯ ಬಳಿ ಹಿಡಿದು, ಬಾಸ್‌ನಿಂದ ಆರಂಭಿಸಿ ಟೆನರ್, ಆಲ್ಟೊ, ಸೊಪ್ರಾನೊ ಎಂದು ನಾಲ್ಕು ಗುಂಪಿಗೂ ಅವರವರ ಸ್ವರವನ್ನು ಮೆಲ್ಲಗೆ ಗುನುಗಿ ಕೊಡುತ್ತಿದ್ದರು. ಆಮೇಲೆ ಮೂಗಿನಿಂದ ದೀರ್ಘವಾಗಿ ಒಂದು ಉಸಿರೆಳೆದುಕೊಳ್ಳುತ್ತಿದ್ದರು. ಆ ಸದ್ದು ನಮಗೆ ಕೇಳುತ್ತಿತ್ತು. ನಾವೂ ಅದರೊಂದಿಗೇ ಉಸಿರೆಳೆದುಕೊಳ್ಳುತ್ತಿದ್ದೆವು. ಶ್ವಾಸವಿರುವ ಎಲ್ಲವನ್ನೂ ಸ್ತುತಿಗೆ ಕರೆಯುವ 150ನೆಯ ಕೀರ್ತನೆಯನ್ನು ಓದುವಾಗಲೆಲ್ಲ ನನ್ನ ಕಿವಿಗೆ ಬರುವುದು ಆ ಸದ್ದೇ.

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರ ಮೂಲಕ ನಮಗೆ ಜರ್ಮನ್ ರಾಗಗಳು ದೊರೆತವು. ಅವುಗಳಿಗೆ ಕನ್ನಡದ ಮಾತು ಕೂಡಿಸಿದ ಸಂಗೀತಗಳನ್ನು, ಎಂದರೆ ಆರಾಧನೆಯ ಹಾಡುಗಳನ್ನು, ನಮ್ಮ ಸಭೆಗಳು ತಲೆಮಾರುಗಳಿಂದ ಹಾಡುತ್ತಿವೆ. ಆದರೆ ರಾಗದ ಒತ್ತು ಬೀಳುವಲ್ಲಿ ಹ್ರಸ್ವಾಕ್ಷರ ಸಿಕ್ಕರೆ ನಾಲಗೆ ಅದನ್ನು ತಾನಾಗಿಯೇ ಎಳೆದು ದೀರ್ಘ ಮಾಡಿಬಿಡುತ್ತದೆ. ಮಾಸ್ಟ್ರಿಗೆ ಅದು ಸಹನೆಯಾಗುತ್ತಿರಲಿಲ್ಲ. ಅದೇ ಮಿಷನ್ನಿನ ಕಿಟ್ಟೆಲರು 1862ರಲ್ಲಿ ಯೇಸುವಿನ ಚರಿತ್ರೆಯನ್ನು ‘ಕಥಾಮಾಲೆ’ ಎಂದು ಕನ್ನಡ ಪದ್ಯದಲ್ಲಿ ಬರೆದದ್ದನ್ನೂ, 1875ರಲ್ಲಿ ನಾಗವರ್ಮನ ಛಂದೋಗ್ರಂಥವನ್ನು ಸಂಪಾದಿಸಿ ಅಚ್ಚು ಹಾಕಿಸಿದ್ದನ್ನೂ ಹೇಳಿ, “ಜರ್ಮನಿಯಿಂದ ಬಂದವರು ಲಘು ಗುರು ಕಲಿತರು, ಇಲ್ಲೇ ಹುಟ್ಟಿದ ನಮಗೆ ಎಂತ ಕಷ್ಟ ಮಕ್ಕಳೇ?” ಎಂದು ಕೇಳುತ್ತಿದ್ದರು.

ಒಂದು ಶನಿವಾರದ ಅಭ್ಯಾಸದಲ್ಲಿ ‘ಮರಣ’ ಎಂಬ ಒಂದೇ ಮಾತನ್ನು ಇಪ್ಪತ್ತು ಸಲವಾದರೂ ಹಾಡಿಸಿದರು. ನಾವು ಮೊದಲ ಅಕ್ಷರವನ್ನು ಎಳೆಯುತ್ತಿದ್ದುದರಿಂದ ಅದು ‘ಮಾರಣ’ ಎಂದು ಕೇಳುತ್ತಿತ್ತು. “ಮಾರಣವೆಂದರೆ ಕೊಲ್ಲುವುದು. ಸೈನಿಕರು ಮಾಡಿದ್ದು ಮಾರಣ, ನಮ್ಮ ಕರ್ತನು ಒಪ್ಪಿಕೊಂಡದ್ದು ಮರಣ. ನನ್ನ ಪ್ರಾಣವನ್ನು ಯಾರೂ ಕಿತ್ತುಕೊಳ್ಳುವುದಿಲ್ಲ, ನಾನಾಗಿಯೇ ಕೊಡುತ್ತೇನೆಂದು ಯೋಹಾನನ ಹತ್ತನೆಯ ಅಧ್ಯಾಯದಲ್ಲಿ ಆತನೇ ಹೇಳಿದ್ದಾನಲ್ಲ?” ಎಂದರು. ಬಳಿಕ ನನ್ನ ಸಂಗೀತ ಪುಸ್ತಕವನ್ನು ತೆಗೆದುಕೊಂಡು, ‘ಮ’ ಅಕ್ಷರದ ನೆತ್ತಿಯ ಮೇಲೆ ಪೆನ್ಸಿಲಿನಿಂದ ಲಘುವಿನ ಗುರುತು ಹಾಕಿ, ಸ್ವರವನ್ನು ಕೊನೆಯ ಅಕ್ಷರದ ಮೇಲೆ ನಿಲ್ಲಿಸಬೇಕೆಂದು ತೋರಿಸಿಕೊಟ್ಟರು. ಬೋಧಕರ ಎಷ್ಟೋ ಪ್ರಸಂಗಗಳನ್ನು ಕೇಳಿದ್ದೇನೆ. ಶಿಲುಬೆಯ ಅರ್ಥ ನನ್ನೊಳಗೆ ಇಳಿದದ್ದು ಮಾತ್ರ ಆ ಒಂದು ಹ್ರಸ್ವದಿಂದ.

ಈಗ ಹಾಡುಗಳು ಪರದೆಯ ಮೇಲೆ ಮೂಡುತ್ತವೆ, ಪುಸ್ತಕ ತರುವವರು ಕಡಿಮೆಯಾಗಿದ್ದಾರೆ. ವಯಸ್ಸಾದವರಿಗೆ ಅದರಿಂದ ಅನುಕೂಲವಾಗಿದೆಯೆಂಬುದನ್ನು ಒಪ್ಪುತ್ತೇನೆ, ಆದರೆ ಪರದೆಯ ಮೇಲೆ ಪೆನ್ಸಿಲಿನ ಗುರುತಿಗೆ ಜಾಗವಿಲ್ಲ. ಶನಿವಾರದ ಅಭ್ಯಾಸಕ್ಕೆ ಬಿಡುವಿಲ್ಲವೆಂದು ಹೇಳಿ, ಭಾನುವಾರ ಕೀಬೋರ್ಡಿನ ಅಬ್ಬರದಲ್ಲಿ ತಪ್ಪುಗಳನ್ನು ಮುಚ್ಚಿಕೊಳ್ಳುವುದನ್ನು ಕಂಡಾಗ ಮನಸ್ಸು ನೋಯುತ್ತದೆ. ಹಾಡು ಆರಾಧನೆಯ ಅಲಂಕಾರವಲ್ಲ. ಹಿಡಿದೊಪ್ಪಿಸಲ್ಪಡುವ ರಾತ್ರಿಯಲ್ಲಿಯೂ ಕರ್ತನು ಶಿಷ್ಯರೊಂದಿಗೆ ಕೀರ್ತನೆ ಹಾಡಿಯೇ ಎಣ್ಣೇಮರಗಳ ಗುಡ್ಡಕ್ಕೆ ಹೊರಟನೆಂದು ಮತ್ತಾಯನು ಬರೆದಿದ್ದಾನೆ.

ಆ ಶುಕ್ರವಾರ ‘ತೀರಿತು’ ಎಂಬ ಆರನೆಯ ವಾಕ್ಯದ ಧ್ಯಾನ ಮುಗಿದಾಗ ಅದೇ ಸಂಗೀತವನ್ನು ಹಾಡಬೇಕಾಗಿತ್ತು. ಸ್ವರ ಕೊಡುವವರಿಲ್ಲದೆ ಕ್ಷಣಕಾಲ ಸುಮ್ಮನೆ ನಿಂತೆವು. ಅಷ್ಟರಲ್ಲಿ ಆಲ್ಟೊ ಸಾಲಿನ ಹಿರಿಯಕ್ಕ ಮೂಗಿನಿಂದ ದೀರ್ಘವಾಗಿ ಉಸಿರೆಳೆದುಕೊಂಡರು. ಆ ಸದ್ದಿಗೆ ನಾವೆಲ್ಲರೂ ಉಸಿರೆಳೆದುಕೊಂಡೆವು. ಮೂರನೆಯ ಸಾಲಿನಲ್ಲಿ ‘ಮರಣ’ ಬಂದಿತು. ಪುಸ್ತಕದಲ್ಲಿ ಪೆನ್ಸಿಲಿನ ಗುರುತು ಮಸುಕಾಗಿತ್ತು. ಯಾರೂ ‘ಮ’ವನ್ನು ಎಳೆಯಲಿಲ್ಲ.