ಗ್ರಾಫಿಕ್ಸ್ ಇರಲಿ, ಗೈ ಎಲ್ಲಿ?

ಹಳೇ ಗೇಮ್‌ಗಳ ಬೇರೆ ಬೇರೆ ಆವೃತ್ತಿಗಳನ್ನು ಅಕ್ಕಪಕ್ಕ ಇಟ್ಟು ಹೋಲಿಸುವ ವಿಡಿಯೋ ಕಣ್ಣಿಗೆ ಬಿದ್ದರೆ ನಾನು ಬಿಡುವುದಿಲ್ಲ. ಆದರೆ ಬಹಳಷ್ಟರಲ್ಲಿ ಮಾತೆಲ್ಲ ಬಣ್ಣ, ಹಿನ್ನೆಲೆ, ಪಿಕ್ಸೆಲ್ ಇಷ್ಟಕ್ಕೇ ನಿಂತುಬಿಡುತ್ತದೆ. ಆಡೋಕೆ ಯಾರ್ಯಾರು ಸಿಗ್ತಾರೆ ಅಂತ ಯಾರೂ ಕೇಳೋದೇ ಇಲ್ಲ. ಇವೆರಡೂ ಬೇರೆ ವಿಷಯ ಅಲ್ಲವೇ ಅಲ್ಲ. ಕಾರ್ಟ್ರಿಜ್‌ನಲ್ಲಿ (ಕನ್ಸೋಲ್‌ಗೆ ಸಿಕ್ಕಿಸುವ, ಗೇಮ್ ಇರುವ ಡಬ್ಬಿ) ಇರೋದು ಒಂದಿಷ್ಟು ಜಾಗ, ಹಿನ್ನೆಲೆಯ ಚಿತ್ರವೂ ಅದರಲ್ಲೇ ಹಿಡಿಸಬೇಕು, ಒಂದೊಂದು ಪಾತ್ರದ ನಡಿಗೆ, ಗುದ್ದು, ಒದೆ, ಬೀಳುವುದು, ಏಳುವುದು ಎಲ್ಲದರ ಚಿತ್ರಗಳೂ ಅದರಲ್ಲೇ ಹಿಡಿಸಬೇಕು.

ಬೀದಿ ಪುಂಡರ ಜೊತೆ ಹೊಡೆದಾಡುವ ಫೈನಲ್ ಫೈಟ್ ತಗೊಳ್ಳಿ. 1989ರ ಆರ್ಕೇಡ್ (ಅಂಗಡಿಯಲ್ಲಿ ನಾಣ್ಯ ಹಾಕಿ ಆಡುವ ಯಂತ್ರ) ಆಟದಲ್ಲಿ ಮೂವರು: ಕೋಡಿ, ಗೈ, ಹ್ಯಾಗರ್. ಇಬ್ಬರು ಒಟ್ಟಿಗೆ ಆಡಬಹುದು. 1990ರಲ್ಲಿ ಅದು ಮನೆಯಲ್ಲಿ ಆಡುವ ಕನ್ಸೋಲ್ ಸೂಪರ್ ನಿಂಟೆಂಡೊಗೆ ಬಂತು, 8 ಮೆಗಾಬಿಟ್ ಅಂದರೆ ಬರೀ ಒಂದು ಮೆಗಾಬೈಟ್ ಕಾರ್ಟ್ರಿಜ್‌ನಲ್ಲಿ. ಚಿತ್ರ ನೋಡಿದರೆ ಭೇಷ್ ಅನ್ನಬೇಕು, ಹ್ಯಾಗರ್ ಅಷ್ಟು ದೊಡ್ಡ ಆಳಾಗಿ ಪರದೆ ತುಂಬ ನಿಲ್ಲುತ್ತಾನೆ. ಆದರೆ ಗೈ ಇಲ್ಲ. ಜೊತೆಗೆ ಆಡೋಕೆ ಎರಡನೆಯವರಿಗೆ ಅವಕಾಶ ಇಲ್ಲ. ಫ್ಯಾಕ್ಟರಿ ಹಂತ ಪೂರ್ತಿ ಮಾಯ. ಒಮ್ಮೆಲೇ ಮೈಮೇಲೆ ಬರುವ ಪುಂಡರೂ ಕಡಿಮೆ. ಆರ್ಕೇಡ್‌ನ ಮಜಾ ಇದ್ದದ್ದೇ ಆ ಗುಂಪು ಗಲಾಟೆಯಲ್ಲಿ, ಅಲ್ವಾ?

ಆಮೇಲೆ ಆಗಿದ್ದು ಇನ್ನೂ ತಮಾಷೆ. 1992ರಲ್ಲಿ ಜಪಾನ್‌ನಲ್ಲಿ ‘ಫೈನಲ್ ಫೈಟ್ ಗೈ’ ಅಂತ ಬಿಟ್ಟರು. ಗೈ ಬಂದ, ಕೋಡಿ ಹೋದ! ಇಬ್ಬರು ಆಡೋದು ಆಗಲೂ ಇಲ್ಲ. 1993ರಲ್ಲಿ ಕಾರ್ಟ್ರಿಜ್ ಬದಲು ಸಿಡಿಯಲ್ಲಿ ಬಂದ ಸೆಗಾ ಸಿಡಿ ಆವೃತ್ತಿಯಲ್ಲಿ ಕೊನೆಗೂ ಮೂವರೂ ಸಿಕ್ಕರು, ಫ್ಯಾಕ್ಟರಿ ಸಿಕ್ಕಿತು, ಜೋಡಿಯಾಗಿ ಆಡುವುದೂ ಸಿಕ್ಕಿತು. ಬಣ್ಣ ಮಾತ್ರ ಸ್ವಲ್ಪ ಮಂಕು. ಸೂಪರ್ ನಿಂಟೆಂಡೊ 32,768 ಬಣ್ಣಗಳಿಂದ ಆರಿಸಿ 256ರವರೆಗೆ ಒಟ್ಟಿಗೆ ತೋರಿಸಬಲ್ಲದು, ಸೆಗಾದ ಹತ್ತಿರ ಇರೋದು 512, ಒಮ್ಮೆಗೆ ತೋರಿಸೋದು 64ರ ಆಸುಪಾಸು. ಸ್ಕ್ರೀನ್‌ಶಾಟ್ ಪಂದ್ಯದಲ್ಲಿ ಸೆಗಾ ಸೋಲುತ್ತದೆ. ಆದರೂ ನನ್ನ ಮತ ಸೆಗಾ ಸಿಡಿಗೇ.

ಸ್ಟ್ರೀಟ್ ಫೈಟರ್ 2ರಲ್ಲಿ ಜಾಗ ಉಳಿಸಿದ ಜಾಣತನ ನೋಡಬೇಕು. 1991ರಲ್ಲಿ ಆಡೋಕೆ ಎಂಟು ಜನ. ಅದರಲ್ಲಿ ರ್‍ಯೂ ಮತ್ತು ಕೆನ್ ಕತ್ತಿನಿಂದ ಕೆಳಗೆ ಹೆಚ್ಚೂಕಡಿಮೆ ಒಬ್ಬನೇ. ತಲೆ ಬೇರೆ, ಬಟ್ಟೆಯ ಬಣ್ಣ ಬೇರೆ, ಅಷ್ಟೇ. ಮುಂದಿನ ವರ್ಷ ಚಾಂಪಿಯನ್ ಎಡಿಷನ್‌ನಲ್ಲಿ ಕೊನೆಗೆ ಎದುರಾಗುವ ನಾಲ್ಕು ಬಾಸ್‌ಗಳನ್ನೂ ಆಡೋಕೆ ಕೊಟ್ಟು 12 ಮಾಡಿದರು. ಅವರ ಚಿತ್ರಗಳು ಮೊದಲೇ ಒಳಗೆ ಇದ್ದವು, ನಮ್ಮ ಕೈಗೆ ಕೊಟ್ಟಿರಲಿಲ್ಲ. ಒಂದೇ ಕ್ಯಾರೆಕ್ಟರ್ ಅನ್ನು ಇಬ್ಬರೂ ಆರಿಸಬಹುದು ಅಂತ ಆಗಿದ್ದೂ ಆಗಲೇ, ಹಾಗಾಗಿ ಎಲ್ಲರಿಗೂ ಎರಡನೇ ಬಣ್ಣ ಬೇಕಾಯಿತು. ಬಣ್ಣ ಬದಲಿಸೋದು ಪುಕ್ಕಟೆ ಇದ್ದ ಹಾಗೆ, ಚಿತ್ರ ಅದೇ ಇರುತ್ತದೆ, ಹದಿನಾರು ಬಣ್ಣಗಳ ಪಟ್ಟಿ ಒಂದು ಬದಲಾದರೆ ಸಾಕು. ಮಾರ್ಟಲ್ ಕಾಂಬ್ಯಾಟ್‌ನವರು ಇದನ್ನೇ ಹಿಡಿದು ಹಳದಿ ಬಟ್ಟೆಗೆ ಸ್ಕಾರ್ಪಿಯನ್, ನೀಲಿ ಬಟ್ಟೆಗೆ ಸಬ್-ಝೀರೋ, ಹಸಿರು ಬಟ್ಟೆಗೆ ರೆಪ್ಟೈಲ್ ಅಂತ ಮೂರು ಹೆಸರಿಟ್ಟು ಬೆಳೆಸಿದರು. ನಿಜವಾಗಿಯೂ ಹೊಸಬರು ಬೇಕು ಅಂದರೆ ಮಾತ್ರ ಜಾಗ ಕೇಳುತ್ತದೆ. ಸೂಪರ್ ನಿಂಟೆಂಡೊದಲ್ಲಿ ಮೊದಲ ಸ್ಟ್ರೀಟ್ ಫೈಟರ್ 2ಕ್ಕೆ 16 ಮೆಗಾಬಿಟ್, ಅದರ ಟರ್ಬೊ ಆವೃತ್ತಿಗೆ 20, ಕ್ಯಾಮಿ ಮತ್ತು ಇನ್ನೂ ಮೂವರು ಸೇರಿ 16 ಜನ ಆದ ‘ಸೂಪರ್’ ಆವೃತ್ತಿಗೆ 32.

ನಿಂಜಾ ಟರ್ಟಲ್ಸ್‌ನ ಟೂರ್ನಮೆಂಟ್ ಫೈಟರ್ಸ್ ವಿಷಯ ಹೋಲಿಕೆಗೇ ಸಿಗುವುದಿಲ್ಲ. ಹೆಸರು ಒಂದೇ, ಆದರೆ ಮೂರು ಕನ್ಸೋಲ್‌ಗೆ ಮೂರು ಬೇರೆ ಆಟ. ಟರ್ಟಲ್‌ಗಳ ಗೆಳತಿ ಎಪ್ರಿಲ್ ಓನೀಲ್ ಆಗಿ ಹೊಡೆದಾಡಬೇಕಾ, ಸೆಗಾ ಆವೃತ್ತಿಗೇ ಹೋಗಬೇಕು. ಅವರ ವೈರಿ ಶ್ರೆಡರ್ ಬೇಕು ಅಂದರೆ ನಿಂಟೆಂಡೊ ಕಡೆ.

ಇನ್ನೊಂದು ಮಾತು, ಸ್ಕ್ರೀನ್‌ಶಾಟ್‌ಗಳನ್ನು ಸುಮ್ನೆ ನಂಬಬೇಡಿ. ಫೈನಲ್ ಫೈಟ್ ಮಾಡಿದ ಕ್ಯಾಪ್‌ಕಾಮ್‌ನ ಆರ್ಕೇಡ್ ಬೋರ್ಡ್ ಕೊಡೋದು 384x224 ಪಿಕ್ಸೆಲ್, ಸೂಪರ್ ನಿಂಟೆಂಡೊ ಸಾಮಾನ್ಯವಾಗಿ 256x224. ಎರಡೂ ಕೂತಿದ್ದು ಮಾತ್ರ 4:3 ಪರದೆಯ ಮೇಲೆ. ಹಳೇ ಗೇಮ್‌ಗಳನ್ನು ಕಂಪ್ಯೂಟರ್‌ನಲ್ಲಿ ಆಡಿಸುವ ಎಮ್ಯುಲೇಟರ್‌ನಿಂದ ಇದ್ದ ಹಾಗೇ ತೆಗೆದ ಚಿತ್ರದಲ್ಲಿ ಆರ್ಕೇಡ್‌ನ ಹ್ಯಾಗರ್ ಅಡ್ಡಕ್ಕೆ ಊದಿಕೊಂಡಿರುತ್ತಾನೆ, ಸೂಪರ್ ನಿಂಟೆಂಡೊ ಹ್ಯಾಗರ್ ಸೊರಗಿರುತ್ತಾನೆ. ಆಮೇಲೆ ‘ಪೋರ್ಟ್ ಮಾಡುವಾಗ (ಬೇರೆ ಯಂತ್ರಕ್ಕೆ ಹೊಂದಿಸುವಾಗ) ತೆಳ್ಳಗೆ ಮಾಡಿಬಿಟ್ಟಿದ್ದಾರೆ’ ಅಂತ ಜಗಳ ಬೇರೆ. ಎರಡನ್ನೂ 4:3ಕ್ಕೆ ಎಳೆದು ಆಮೇಲೆ ಮಾತಾಡಿ.

ಜಾಗದ ತೊಂದರೆ ಮುಗಿದ ಮೇಲೂ ಒಂದೊಂದು ಕನ್ಸೋಲ್‌ಗೆ ಒಬ್ಬೊಬ್ಬರನ್ನು ಕೊಡುವ ಈ ಆಟ ನಿಲ್ಲಲಿಲ್ಲ. 2003ರಲ್ಲಿ ಸೋಲ್ ಕ್ಯಾಲಿಬರ್ 2 ಮೂರು ಕನ್ಸೋಲ್‌ಗೂ ಬಂದಾಗ ಗ್ರಾಫಿಕ್ಸ್‌ನಲ್ಲಿ ಅಂಥಾ ದೊಡ್ಡ ವ್ಯತ್ಯಾಸ ಇರಲಿಲ್ಲ, ಆದರೆ ಗೇಮ್‌ಕ್ಯೂಬ್‌ಗೆ ಝೆಲ್ಡಾ ಆಟಗಳ ಲಿಂಕ್, ಪ್ಲೇಸ್ಟೇಷನ್ 2ಕ್ಕೆ ಟೆಕ್ಕನ್‌ನ ಹೈಹಾಚಿ, ಎಕ್ಸ್‌ಬಾಕ್ಸ್‌ಗೆ ಕಾಮಿಕ್ಸ್‌ನ ಸ್ಪಾನ್ ಅಂತ ಬೇಕೆಂತಲೇ ಹಂಚಿದರು. ವ್ಯಾಪಾರ, ಇನ್ನೇನು. ನನ್ನನ್ನು ಕೇಳಿದರೆ ಲಿಂಕೇ. ಬಹಳಷ್ಟು ಜನ ಕತ್ತಿ ಬೀಸುವ ಕಡೆ ಅವನು ಬಾಣ ಬಿಟ್ಟು ಬಾಂಬ್ ಎಸೆಯುತ್ತಾನೆ. ಹೈಹಾಚಿ ಆರಿಸುವವರು ಯಾಕೆ ಅಂತ ಕಾಮೆಂಟ್‌ನಲ್ಲಿ ಹೇಳಿ, ನನಗಂತೂ ಗೊತ್ತಾಗಿಲ್ಲ.