ಸುಂಡೆಯ ಬೇರಿನ ಮೇಲೆ ನಾಟಿ ಟೊಮೆಟೊ: ಕೊನೆಗೂ ಕಸಿ ಹಿಡಿಯಿತು

ಕಸಿ ಹಿಡಿದಿದೆ! ಬದನೆಯ ಬಳಗದ ಸುಂಡೆ ಗಿಡದ ಬುಡದ ಮೇಲೆ ಕೂತ ನಾಟಿ ಟೊಮೆಟೊ ಈಗ ಹೊಸ ಚಿಗುರು ಬಿಟ್ಟಿದೆ. ಬಡಾವಣೆಯ ಸಮುದಾಯ ತೋಟಕ್ಕೆ ಸ್ವಯಂಸೇವಕಿಯಾಗಿ ಸೇರಿದ ಮೇಲೆ ಕಲಿತ ಕೆಲಸಗಳಲ್ಲಿ ಇಷ್ಟು ಸತಾಯಿಸಿದ್ದು ಇನ್ನೊಂದಿಲ್ಲ. ಗೊಬ್ಬರ, ಹೊದಿಕೆ, ಸಸಿ ಬೆಳೆಸುವ ಪ್ರೋಟ್ರೇ ಎಲ್ಲ ನಿಮಗೆ ಗೊತ್ತಿರುವುದೇ, ಅವನ್ನು ಬಿಡುತ್ತೇನೆ.

ನಮ್ಮ ಮೂರನೆಯ ಮಡಿಯಲ್ಲಿ ಟೊಮೆಟೊ ನಿಲ್ಲುತ್ತಲೇ ಇರಲಿಲ್ಲ. ಹೂ ಬಿಡುವ ಹೊತ್ತಿಗೆ, ಎಲೆ ಇನ್ನೂ ಹಸಿರಾಗಿರುವಾಗಲೇ, ಗಿಡ ಜೋತುಬೀಳುತ್ತಿತ್ತು. ನೀರು ಸಾಲದು ಎಂದರು ಕೆಲವರು, ಹೆಚ್ಚಾಯಿತು ಎಂದರು ಕೆಲವರು. ತೋಟದ ಉಸ್ತುವಾರಿ ನೋಡುವ ಕೋಲಾರದ ಅಮ್ಮ ವಾದಕ್ಕಿಳಿಯಲಿಲ್ಲ. ಬುಡದ ಕಾಂಡವನ್ನು ಕೊಯ್ದು ಗಾಜಿನ ಲೋಟದ ತಿಳಿನೀರಿನಲ್ಲಿ ತೂಗುಬಿಟ್ಟು, “ಅಲ್ಲಾಡಿಸಬೇಡ, ನೋಡುತ್ತಿರು” ಎಂದರು. ಸ್ವಲ್ಪ ಹೊತ್ತಿಗೆ ಕೊಯ್ದ ತುದಿಯಿಂದ ಬೆಳ್ಳನೆಯ ತೆಳು ಎಳೆಯೊಂದು ನೇರವಾಗಿ ಕೆಳಗಿಳಿಯಿತು. ದುಂಡಾಣು ಸೊರಗು ರೋಗ! ಕಾಂಡದೊಳಗೆ ನೀರು ಏರುವ ನಾಳಗಳನ್ನೇ ಕಟ್ಟಿಬಿಡುವ ರಾಲ್‌ಸ್ಟೋನಿಯ ಎಂಬ ಈ ದುಂಡಾಣು ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಎಲೆಗೆ ಏನು ಸಿಂಪಡಿಸಿದರೂ ಅಷ್ಟೇ. ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ತಳಿಗೆ ಇದನ್ನು ತಡೆದುಕೊಳ್ಳುವ ಶಕ್ತಿಯಿದೆ, ನಿಜ. ಆದರೆ ಸಾರಿಗೆ ಹುಳಿ ನಾಟಿ ಟೊಮೆಟೊವೇ ಬೇಕು. ಆ ರುಚಿಯನ್ನು ಬಿಟ್ಟುಕೊಡಲು ನಾನು ಸಿದ್ಧಳಿರಲಿಲ್ಲ.

ಹಾಗಾಗಿ ಕಸಿ: ರೋಗ ತಡೆದುಕೊಳ್ಳುವ ಬೇರಿನ ಮೇಲೆ ನಾಟಿ ಟೊಮೆಟೊ. ತೈವಾನಿನ ವಿಶ್ವ ತರಕಾರಿ ಕೇಂದ್ರ ಮಳೆಗಾಲದ ಬೆಳೆಗೆಂದು ಬದನೆಯ ಬೇರಿನ ಮೇಲೆ ಟೊಮೆಟೊ ಕಸಿ ಮಾಡುವುದನ್ನು ಕಲಿಸುತ್ತ ಬಂದಿದೆ. ನಾವು ಬದನೆಯ ಬಳಗದ್ದೇ ಆದ ಸುಂಡೆಯನ್ನು ಆರಿಸಿಕೊಂಡೆವು. ಅದು ಮೊಳೆಯುವುದು ನಿಧಾನ, ಕಾಂಡ ದಪ್ಪವಾಗುವುದು ಇನ್ನೂ ನಿಧಾನ. ಟೊಮೆಟೊಗಿಂತ ವಾರಗಟ್ಟಲೆ ಮೊದಲು ಬಿತ್ತಬೇಕು.

ಕೂಡಿಸಿದ ಕಾಂಡಗಳನ್ನು ಹಿಡಿದಿಡಲು ತರಿಸಿದ ಕ್ಲಿಪ್ಪುಗಳ ವಿಷಯ ನೆನೆದರೆ ಈಗಲೂ ಸಿಟ್ಟು ಬರುತ್ತದೆ. 2 ಮಿ.ಮೀ. ಎಂದು ಬರೆದ ಪೊಟ್ಟಣದೊಳಗೆ ಕಿರುಬೆರಳು ತೂರುವಷ್ಟು ದೊಡ್ಡವು! ಫೋಟೊ ಕಳಿಸಿ ಮಾರಿದವರನ್ನು ಕೇಳಿದರೆ, “ಗಿಡ ಬೆಳೆದ ಮೇಲೆ ಸರಿಹೋಗುತ್ತದೆ ಮೇಡಂ” ಎಂಬ ಉತ್ತರ. ಕೊನೆಗೆ ಸೈಕಲ್ ಅಂಗಡಿಯ ವಾಲ್ವ್ ಟ್ಯೂಬನ್ನು 1 ಸೆಂ.ಮೀ. ತುಂಡು ಮಾಡಿ, ಉದ್ದಕ್ಕೆ ಸೀಳಿ ತೊಡಿಸಿದೆವು. ಅಚ್ಚುಕಟ್ಟಾಗಿ ಕೂತಿತು.

ನಿಜವಾದ ಜಗ್ಗಾಟ ಆಮೇಲಿನದು. ಓರೆಯಾಗಿ ಕೊಯ್ದು ಕೂಡಿಸಿದ ಸಸಿಗಳು ಪ್ಲಾಸ್ಟಿಕ್ ಗೂಡಿನೊಳಗೆ ಒಂದೋ ಬಾಡುತ್ತಿದ್ದವು, ಇಲ್ಲವೇ ಕೂಡಿಸಿದ ಜಾಗದಲ್ಲೇ ಕೊಳೆಯುತ್ತಿದ್ದವು. ನೀರು ಚಿಮುಕಿಸಿದರೆ ಕೊಳೆಯುವುದು, ಬಿಟ್ಟರೆ ಬಾಡುವುದು. ಒಂದು ಕೊಳೆತ ಸಸಿಯ ಟ್ಯೂಬು ಬಿಡಿಸಿ ನೋಡಿದಾಗ ಕಾರಣ ಕಂಡಿತು: ಗೂಡಿನ ಮೇಲಿಂದ ತೊಟ್ಟಿಕ್ಕಿದ ನೀರು ಕೊಯ್ದ ಎರಡು ಮುಖಗಳ ನಡುವೆ ಸೇರಿಕೊಂಡಿತ್ತು, ಅಂಚೆಲ್ಲ ಕಂದು, ಮುಟ್ಟಿದರೆ ಲೋಳೆ. ಗಾಳಿಯಲ್ಲಿ ತೇವವಿರಬೇಕು, ಗಾಯಕ್ಕೆ ಹನಿ ತಾಗಬಾರದು. ಚಿಮುಕಿಸುವುದನ್ನೇ ನಿಲ್ಲಿಸಿ ಗೂಡಿನ ನೆಲಕ್ಕೆ ನೆನೆಸಿದ ಗೋಣಿಚೀಲ ಹಾಸಿದೆವು. ಹನಿ ಪಕ್ಕಕ್ಕೆ ಜಾರಲೆಂದು ಮೇಲಿನ ಹಾಳೆಯನ್ನು ಇಳಿಜಾರಾಗಿ ಕಟ್ಟಿದೆವು. ಟೊಮೆಟೊದ ದೊಡ್ಡ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದೆವು. ಮೊದಲ ಎರಡು ಮೂರು ದಿನ ಪೂರ್ತಿ ಕತ್ತಲು, ಆಮೇಲೆ ಬೆಳಕು, ಗಾಳಿ ಸ್ವಲ್ಪ ಸ್ವಲ್ಪವೇ. ಆ ತಂಡದ ಸಸಿಗಳು ಬೆಳಗ್ಗೆ ಹಾಳೆ ಎತ್ತಿದಾಗ ತಲೆಯೆತ್ತಿ ನಿಂತಿದ್ದವು!

ಮಡಿಗೆ ನೆಟ್ಟ ಮೇಲೂ ಕಾವಲು ತಪ್ಪಿದ್ದಲ್ಲ. ಕಸಿಗಂಟು ಮಣ್ಣಿಗಿಂತ ಮೇಲೇ ಇರಬೇಕು. ಟೊಮೆಟೊದ ಕಾಂಡ ಮಣ್ಣು ಮುಟ್ಟಿ ಬೇರು ಬಿಟ್ಟರೆ ಪಟ್ಟ ಪಾಡೆಲ್ಲ ವ್ಯರ್ಥ. ಬುಡದಲ್ಲಿ ಸುಂಡೆ ಚಿಗುರಿದರೆ ಕೂಡಲೇ ಚಿವುಟಬೇಕು. ಮಳೆ ಹಿಡಿದು ಮಣ್ಣು ನೆಂದ ಮೇಲೆಯೇ ಪೂರ್ತಿ ಗೆದ್ದೆವೋ ಇಲ್ಲವೋ ತಿಳಿಯುವುದು.

ಅಷ್ಟರಲ್ಲಿ ತಲೆಯಲ್ಲಿ ಮಟ್ಟು ಗುಳ್ಳ ಕೂತಿದೆ. ಉಡುಪಿಯ ಮಟ್ಟು ಊರಿನ, 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಆ ಬದನೆಗೆ ನಮ್ಮ ಕೆಂಪು ಮಣ್ಣಿನಲ್ಲಿ ಅಲ್ಲಿಯ ರುಚಿ ಬರಲಾರದು, ಗೊತ್ತು. ಆದರೂ ಸುಂಡೆಗೆ ಟೊಮೆಟೊಗಿಂತ ಬದನೆ ಹತ್ತಿರದ ನಂಟು. ಕಸಿ ಇನ್ನೂ ಸಲೀಸಾಗಿ ಹಿಡಿಯಬೇಕು. ಉಳಿದ ಸುಂಡೆ ಸಸಿಗಳನ್ನು ಅದಕ್ಕೆಂದೇ ಎತ್ತಿಟ್ಟಿದ್ದೇನೆ. ಉಡುಪಿಯ ಗೆಳತಿ ಬೀಜ ಕಳಿಸುವುದೊಂದು ಬಾಕಿ.