ಎರಡಕ್ಕೆ ಸೊನ್ನೆ ಕೂಡಿಸಿದರೆ ಮೂರು

ಪತ್ರಿಕೆಯ ವಿದೇಶ ಪುಟದಲ್ಲಿ ಉಪಸಂಪಾದಕನಾಗಿದ್ದಾಗ ತಿದ್ದಿದ ಸುದ್ದಿಗಳಲ್ಲಿ ಹೆಚ್ಚಿನವು ನನಗೆ ಮರೆತುಹೋಗಿವೆ. 2005ರ ಜರ್ಮನಿಯ ಚುನಾವಣೆ ಮಾತ್ರ ಮರೆತಿಲ್ಲ. ಅದರ ಲೆಕ್ಕವೇ ಹಾಗಿತ್ತು. ಏಂಜೆಲಾ ಮರ್ಕೆಲ್ ಅವರ ಬಲಪಂಥೀಯ ಕ್ರಿಶ್ಚಿಯನ್ ಡೆಮಾಕ್ರಟಿಕ್ ಪಕ್ಷ, ಗೆದ್ದರೆ ಮೌಲ್ಯವರ್ಧಿತ ತೆರಿಗೆಯನ್ನು ಶೇ 16ರಿಂದ 18ಕ್ಕೆ ಏರಿಸುತ್ತೇವೆ ಎಂದು ಮುಚ್ಚುಮರೆಯಿಲ್ಲದೆ ಹೇಳಿತ್ತು. ಎಡಪಂಥೀಯ ಸೋಷಿಯಲ್ ಡೆಮಾಕ್ರಟರು ಅದಕ್ಕೆ ‘ಮರ್ಕೆಲ್ ತೆರಿಗೆ’ ಎಂದು ಹೆಸರಿಟ್ಟು, ಏರಿಕೆಯೇ ಕೂಡದು ಎಂದು ಪ್ರಚಾರ ಮಾಡಿದರು. ಯಾರಿಗೂ ಬಹುಮತ ಬರಲಿಲ್ಲ. ಇಬ್ಬರೂ ಸೇರಿ ಸರ್ಕಾರ ರಚಿಸಿದರು. ಎರಡು ಬೇಕೆಂದವರೂ ಒಂದೂ ಬೇಡವೆಂದವರೂ ಕುಳಿತು ಚೌಕಾಸಿ ಮಾಡಿದರೆ ಮಾತು ಒಂದಕ್ಕೆ ಇತ್ಯರ್ಥವಾಗಬೇಕಲ್ಲವೇ? 2007ರ ಜನವರಿಯಿಂದ ತೆರಿಗೆ ಶೇ 19 ಆಯಿತು! ಚುನಾವಣೆಯಲ್ಲಿ ಆಡಿದ ಮಾತು ಹಿಡಿದು ನಮ್ಮನ್ನು ಅಳೆಯುವುದು ನ್ಯಾಯವಲ್ಲ ಎಂದು ಸೋಷಿಯಲ್ ಡೆಮಾಕ್ರಟರ ನಾಯಕ ಫ್ರಾಂಜ್ ಮ್ಯುಂಟೆಫೆರಿಂಗ್ ಆಮೇಲೆ ಗೊಣಗಿದ್ದೂ ಉಂಟು.

ಇಂಥದ್ದು ಕಂಡಾಗಲೆಲ್ಲ ‘ಎಲ್ಲ ಪಕ್ಷಗಳೂ ಒಂದೇ’ ಎಂದು ಕೈತೊಳೆದುಕೊಳ್ಳುವವರಿದ್ದಾರೆ. ನನಗೆ ಅದು ಸೋಮಾರಿ ಮಾತು ಎನಿಸುತ್ತದೆ. ಎಡವೂ ಬಲವೂ ಒಂದೇ ಕಡೆ ಬಂದು ನಿಂತಿವೆ ಎಂದರೆ ಸಾಲದು. ಯಾರು ಎಷ್ಟು ದೂರ ನಡೆದುಬಂದರು, ತಾವಾಗಿ ಬಂದರೋ ದೂಡಿಸಿಕೊಂಡು ಬಂದರೋ ಎಂಬುದನ್ನು ನೋಡಬೇಕು.

ಬ್ರಿಟನ್ನನ್ನೇ ತೆಗೆದುಕೊಳ್ಳಿ. 1951ರಲ್ಲಿ ಚರ್ಚಿಲ್ ಅವರ ಕನ್ಸರ್ವೇಟಿವ್ ಪಕ್ಷ ಅಧಿಕಾರಕ್ಕೆ ಮರಳಿದಾಗ, ಲೇಬರ್ ಸರ್ಕಾರ 1948ರಲ್ಲಿ ಆರಂಭಿಸಿದ್ದ ರಾಷ್ಟ್ರೀಯ ಆರೋಗ್ಯ ಸೇವೆಯನ್ನು ಅದು ಮುಚ್ಚಲಿಲ್ಲ. ಉಕ್ಕನ್ನು ಖಾಸಗಿಯವರಿಗೆ ಹಿಂದಿರುಗಿಸಹೊರಟಿತಾದರೂ ಕಲ್ಲಿದ್ದಲು, ರೈಲ್ವೆಗಳನ್ನು ಸರ್ಕಾರದ ಕೈಯಲ್ಲೇ ಉಳಿಸಿತು. ಅಂದು ನಡೆದುಬಂದದ್ದು ಬಲಪಂಥ. 1995ರಲ್ಲಿ ನಡೆದುಬಂದದ್ದು ಎಡಪಂಥ. ಉತ್ಪಾದನಾ ಸಾಧನಗಳ ಸಾಮೂಹಿಕ ಒಡೆತನವೇ ಗುರಿ ಎನ್ನುವ, 1918ರಿಂದ ಲೇಬರ್ ಪಕ್ಷದ ಸಂವಿಧಾನದಲ್ಲಿದ್ದ, ಸದಸ್ಯರ ಚೀಟಿಯ ಮೇಲೂ ಅಚ್ಚಾಗುತ್ತಿದ್ದ ನಾಲ್ಕನೆಯ ಕಲಮನ್ನು ಟೋನಿ ಬ್ಲೇರ್ ಬದಲಿಸಿದರು. ಎರಡು ವರ್ಷದ ಬಳಿಕ, ಕನ್ಸರ್ವೇಟಿವ್ ಸರ್ಕಾರ ಹಾಕಿಟ್ಟಿದ್ದ ವೆಚ್ಚದ ಮಿತಿಗೇ ಮೊದಲೆರಡು ವರ್ಷ ಬದ್ಧರಾಗಿರುತ್ತೇವೆ ಎಂಬ ಪ್ರಣಾಳಿಕೆಯೊಂದಿಗೆ ಭಾರಿ ಬಹುಮತ ಪಡೆದರು. ಎರಡು ಕಾಲದಲ್ಲೂ ಒಮ್ಮತವಿತ್ತು. ಆದರೆ ಆಸ್ಪತ್ರೆಗೆ ಹೋಗುವ ಬಡವನಿಗೆ ಈ ಎರಡು ಒಮ್ಮತಗಳು ಒಂದೇ ಅಲ್ಲ.

ಫ್ರಾನ್ಸಿನ ಸಮಾಜವಾದಿ ಅಧ್ಯಕ್ಷ ಮಿತೆರಾಂ ಅವರದು ದೂಡಿಸಿಕೊಂಡ ಕಥೆ. 1981ರಲ್ಲಿ ಗೆದ್ದು ಬ್ಯಾಂಕುಗಳನ್ನೂ ದೊಡ್ಡ ಕೈಗಾರಿಕೆಗಳನ್ನೂ ರಾಷ್ಟ್ರೀಕರಿಸಿದರು. 1983ರ ಮಾರ್ಚ್ ಹೊತ್ತಿಗೆ ಫ್ರಾಂಕ್ ಮೂರನೆಯ ಸಲ ಅಪಮೌಲ್ಯಗೊಂಡು, ಯುರೋಪಿನ ವಿತ್ತ ವ್ಯವಸ್ಥೆಯಲ್ಲಿ ಉಳಿಯಲು ಸಮಾಜವಾದಿ ಸರ್ಕಾರವೇ ಮಿತವ್ಯಯದ ದಾರಿ ಹಿಡಿಯಿತು.

ಹೀಗೆ ಇಬ್ಬರೂ ಒಂದೇ ಪೀಠದಲ್ಲಿ ಕುಳಿತರೆ ಎದುರಿನ ಪೀಠ ಖಾಲಿ ಉಳಿಯುವುದಿಲ್ಲ. 2018ರಲ್ಲಿ ಜರ್ಮನಿಯ ಎರಡು ದೊಡ್ಡ ಪಕ್ಷಗಳು ಮತ್ತೆ ಕೈಜೋಡಿಸಿದಾಗ, ಹಿಂದಿನ ವರ್ಷವಷ್ಟೇ ಸಂಸತ್ತಿಗೆ ಕಾಲಿಟ್ಟಿದ್ದ ಉಗ್ರ ಬಲಪಂಥದ ‘ಆಲ್ಟರ್ನೇಟಿವ್ ಫಾರ್ ಜರ್ಮನಿ’ ಅತಿ ದೊಡ್ಡ ವಿರೋಧ ಪಕ್ಷವಾಯಿತು. ಗ್ರೀಸಿನ ಸಮಾಜವಾದಿ ಪಾಸೋಕ್ ಪಕ್ಷ ಸಾಲ ಕೊಟ್ಟವರ ಷರತ್ತುಗಳಿಗೆ ಒಪ್ಪಿ, ಬಲಪಂಥೀಯ ಎದುರಾಳಿಯ ಜೊತೆಗೇ ಸರ್ಕಾರ ನಡೆಸಿತು. 2009ರಲ್ಲಿ ಶೇ 43.9ರಷ್ಟಿದ್ದ ಅದರ ಮತ 2015ರ ಜನವರಿಯಲ್ಲಿ ಶೇ 4.7ಕ್ಕೆ ಕುಸಿಯಿತು.

ಡೆನ್ಮಾರ್ಕಿನ ಎಡದವರು ಬೇರೆ ಉಪಾಯ ಮಾಡಿದರು. ಮೆಟ್ಟೆ ಫ್ರೆಡೆರಿಕ್ಸೆನ್ ಅವರ ಸೋಷಿಯಲ್ ಡೆಮಾಕ್ರಟರು ವಲಸೆಯ ವಿಷಯದಲ್ಲಿ ಬಲಪಂಥದ ಬಿಗಿ ನಿಲುವನ್ನೇ ತಮ್ಮದಾಗಿಸಿಕೊಂಡು 2019ರಲ್ಲಿ ಅಧಿಕಾರಕ್ಕೆ ಬಂದರು. ವಲಸೆ ವಿರೋಧದಿಂದಲೇ ಬೆಳೆದಿದ್ದ ಡ್ಯಾನಿಷ್ ಪೀಪಲ್ಸ್ ಪಾರ್ಟಿಯ ಮತ ಶೇ 21.1ರಿಂದ 8.7ಕ್ಕೆ ಇಳಿಯಿತು. ಜಾಣತನ ಹೌದು, ನಿರಾಶ್ರಿತರ ಪರ ಗಟ್ಟಿಯಾಗಿ ಮಾತನಾಡುವ ದೊಡ್ಡ ಪಕ್ಷವೇ ಉಳಿಯದಂತಾದ ಜಾಣತನ.

ಅದೇ ಫ್ರೆಡೆರಿಕ್ಸೆನ್ 2022ರ ಡಿಸೆಂಬರಿನಲ್ಲಿ ಬಲಪಂಥೀಯ ವೆನ್ಸ್ಟ್ರ ಮತ್ತು ನಡುಪಂಥದ ಮಾಡರೇಟ್ಸ್ ಜೊತೆ ಸೇರಿ ಸರ್ಕಾರ ರಚಿಸಿದರು. ರಕ್ಷಣೆಗೆ ಹಣ ಬೇಕೆಂದು, ಹದಿನೇಳನೆಯ ಶತಮಾನದಿಂದ ನಡೆದುಬಂದಿದ್ದ ‘ಮಹಾಪ್ರಾರ್ಥನಾ ದಿನ’ದ ರಜೆಯನ್ನು 2023ರಲ್ಲಿ ಕಾನೂನು ಮಾಡಿ ಕಿತ್ತುಹಾಕಿದರು. ಕಾರ್ಮಿಕ ಸಂಘಗಳು ಬೀದಿಗಿಳಿದವು, ಚರ್ಚಿನವರು ಸಿಟ್ಟಾದರು. ಇನ್ನೊಂದು ತಮಾಷೆಯೆಂದರೆ, ಇದನ್ನು ಜನಮತಗಣನೆಗೆ ಒಯ್ಯಿರಿ ಎಂದು ಪಟ್ಟುಹಿಡಿದ ವಿರೋಧ ಪಕ್ಷಗಳಲ್ಲಿ ಎಡದ ತುದಿಯವರೂ ಇದ್ದರು, ಬಲದ ತುದಿಯವರೂ ಇದ್ದರು.